ಬೀದರ್ ಟ್ರಿಪ್ ಫೋಟೊಗಳಿಗೆ ಹಳೇ ಆಲ್ಬಮ್‌ನಂಥ, ಕನಸಿನಂಥ ನೋಟ ತರುವುದು ಹೇಗೆ? ಆ್ಯಪ್ ಫಿಲ್ಟರ್ ಹಾಕಿದರೆ ನಕಲಿ ಅನಿಸುತ್ತದೆ.

ನಾನು ಬೀದರ್‌ನವನೇ, ಫೋನಿನಲ್ಲೇ ಫೋಟೊ ತೆಗೆಯುತ್ತೇನೆ. ಫಿಲ್ಟರ್ ನಕಲಿ ಅನಿಸಲು ಕಾರಣ ಬೆಳಕು. ನಡುಮಧ್ಯಾಹ್ನದ ಬಿಸಿಲಲ್ಲಿ ನೆರಳು ಗಟ್ಟಿಯಾಗಿ ಬೀಳುತ್ತದೆ. ಅದರ ಮೇಲೆ ಎಷ್ಟು ಹಳದಿ ಬಳಿದರೂ ಮೆದು ಆಗುವುದಿಲ್ಲ.

ಮೊದಲು ಅಷ್ಟೂರಿಗೆ ಹೋಗಿ. ಊರಿಂದ ಮೂರು ಕಿಲೋಮೀಟರ್ ಅಷ್ಟೇ, ಬಹಮನಿ ಸುಲ್ತಾನರ ಗುಮ್ಮಟಗಳು ಸಾಲಾಗಿ ನಿಂತಿವೆ. ಡಿಸೆಂಬರ್‌ನಲ್ಲಾದರೆ ಬೆಳಗ್ಗೆ ಆರೂವರೆಗೇ ಅಲ್ಲಿರಿ. ಸಿಡಿಲಿಗೆ ಒಡೆದ ಹುಮಾಯೂನ್ ಶಾಹನ ಗುಮ್ಮಟ ಈಗ ಅರ್ಧ ಮಾತ್ರ ಉಳಿದಿದೆ. ಕೊಯ್ದ ಹಣ್ಣಿನ ಹಾಗೆ ಅದರ ಒಳಗಿನ ಬಾಗು ಕಾಣುತ್ತದೆ. ಸೂರ್ಯ ಆ ಗುಮ್ಮಟದ ಹಿಂದೆ ಬರುವ ಹಾಗೆ ನಿಂತುಕೊಳ್ಳಿ. ಎದುರು ಬೆಳಕಿಗೆ ತೆಗೆದಾಗ ಲೆನ್ಸ್‌ನೊಳಗೆ ಬೆಳಕು ಚೆದುರಿ, ಇಡೀ ಚಿತ್ರದ ಮೇಲೆ ತೆಳ್ಳನೆ ಮಸುಕು ಹರಡುತ್ತದೆ. ನಿಮಗೆ ಬೇಕಾದ ಕನಸಿನ ನೋಟ ಅದೇ.

ಆ ಮಸುಕು ಸಾಲದಿದ್ದರೆ ಲೆನ್ಸ್ ಮೇಲೆ ಒಮ್ಮೆ ಹಾ ಅಂತ ಉಸಿರು ಬಿಡಿ. ಚಳಿಗೆ ಫೋನ್ ತಣ್ಣಗಿರುವುದರಿಂದ ಗಾಜಿನ ಮೇಲೆ ಆವಿ ಕೂರುತ್ತದೆ. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಕಮಾನಿನ ಅಂಚು ನಿಧಾನಕ್ಕೆ ಮೂಡುತ್ತದೆ. ಆ ಕೆಲವು ಸೆಕೆಂಡಿನಲ್ಲಿ ಬಿಡದೆ ಆರೇಳು ಫೋಟೊ ತೆಗೆಯಿರಿ. ನನಗೆ ಯಾವಾಗಲೂ ನಡುವಿನ ಒಂದೆರಡು ಚೆನ್ನಾಗಿ ಬರುತ್ತವೆ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಎಚ್‌ಡಿಆರ್ (ಬೆಳಕು-ನೆರಳು ಸರಿದೂಗಿಸುವ ಸೌಲಭ್ಯ) ಆಫ್ ಮಾಡಿ, ಇಲ್ಲದಿದ್ದರೆ ಫೋನ್ ನೆರಳನ್ನೆಲ್ಲ ಬಿಡಿಸಿ ತೋರಿಸಿಬಿಡುತ್ತದೆ. ಬೆಳಕು ತುಸು ಜಾಸ್ತಿ ಇರಲಿ.

ಎಡಿಟಿಂಗ್‌ಗೆ ಕೂರುವ ಮುಂಚೆ ಮನೆಯ ಹಳೇ ಮದುವೆ ಆಲ್ಬಮ್ ತೆಗೆದು ನೋಡಿ. ಅದರಲ್ಲಿ ಕಪ್ಪು ಪೂರ್ತಿ ಕಪ್ಪಾಗಿ ಇರುವುದಿಲ್ಲ ಅಲ್ವಾ? ಬೂದು ಬಣ್ಣದ ಕಡೆ ತಿರುಗಿರುತ್ತದೆ. ಎಷ್ಟೋ ಪ್ರಿಂಟ್‌ಗಳಲ್ಲಿ ನೀಲಿ-ಹಸಿರು ಬಣ್ಣ ಮೊದಲು ಮಾಸಿ, ಕೆಂಪು ಮುಂದೆ ಬಂದಿರುತ್ತದೆ. ನೀವೂ ಹಾಗೇ ಮಾಡಿ. ಎಡಿಟಿಂಗ್ ಆ್ಯಪ್‌ನ ಕರ್ವ್‌ನಲ್ಲಿ (ಕಪ್ಪು-ಬಿಳುಪಿನ ಮಟ್ಟ ಬದಲಿಸುವ ಗೆರೆ) ಎಡಗಡೆಯ ಕೆಳತುದಿಯನ್ನು ಸ್ವಲ್ಪ ಮೇಲೆತ್ತಿ, ಕಪ್ಪು ಮಾಸುತ್ತದೆ. ಕ್ಲಾರಿಟಿ ಇಳಿಸಿ. ಬೆಳಕಿನ ಭಾಗಕ್ಕೆ ಚೂರು ಬೆಚ್ಚನೆ ಬಣ್ಣ ಕೊಡಿ. ಗ್ರೇನ್, ಅಂದರೆ ಹಳೇ ಫಿಲ್ಮ್‌ನಂಥ ಸಣ್ಣ ಚುಕ್ಕೆಗಳು, ಕೊನೆಗೆ, ಅದೂ ಕಣ್ಣಿಗೆ ಹೊಡೆಯದಷ್ಟು.

ಮಹಮೂದ್ ಗವಾನ್ ಮದರಸಾದಲ್ಲಿ ಮಾತ್ರ ಹೀಗೆ ಮಾಡಬೇಡಿ. ಬಹಮನಿ ಮಂತ್ರಿ ಗವಾನ್ ಕಟ್ಟಿಸಿದ 1472ರ ವಿದ್ಯಾಲಯ ಅದು. ಗೋಡೆಯ ಬಣ್ಣದ ಟೈಲ್ಸ್ ಬಹುಪಾಲು ಉದುರಿ, ಅಲ್ಲಲ್ಲಿ ಮಾತ್ರ ಉಳಿದಿವೆ. ಒಮ್ಮೆ ನಾನು ಪೂರ್ತಿ ಕಂದು ಛಾಯೆ ಹಾಕಿದ್ದೆ. ಮಿನಾರಿನ ಮೇಲೆ ಉಳಿದಿದ್ದ ನೀಲಿಯೂ ಮಣ್ಣಿನ ಬಣ್ಣಕ್ಕೆ ತಿರುಗಿತು. ಅದನ್ನು ನೋಡಿ ಹೊಟ್ಟೆ ಚುರ್ ಅಂದಿತು. ಅಲ್ಲಿ ನೀಲಿಯನ್ನು ಹಾಗೇ ಬಿಟ್ಟು, ಆಕಾಶವನ್ನಷ್ಟೇ ಮಾಸಿಸಿ.

ಇಷ್ಟವಾದ ಹತ್ತು ಫೋಟೊ ಆರಿಸಿ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ. ಹೊಳೆಯುವ ಪೇಪರ್ ಬೇಡ, ಮ್ಯಾಟ್ ಕೇಳಿ.