ಮೂರು ಆ್ಯಪ್ ಐಡಿಯಾಗಳಲ್ಲಿ ಯಾವುದು?

ನಾಲ್ವರ ತಂಡ, ಅಡಿಕೆ ಧಾರಣೆ, ರಕ್ತದಾನ, ಹಾಸ್ಟೆಲ್ ಮೆಸ್ ಎಂಬ ಮೂರು ಐಡಿಯಾ, ವೋಟು ಹಾಕಿ ಆರಿಸೋಣವೇ ಎಂದು ಕೇಳಿದ್ದೀರಿ. ವೋಟು ಬೇಡ. ಜೋರಾಗಿ ಮಾತಾಡುವವರೇ ಗೆಲ್ಲುತ್ತಾರೆ.

ಮಾಹಿತಿ ಎಲ್ಲಿಂದ ಬರುತ್ತದೆ ಎಂದು ಮೊದಲು ನೋಡಿ. ರಕ್ತದಾನಕ್ಕೆ ಮೊದಲ ದಿನವೇ ತುಂಬಾ ದಾನಿಗಳು ಬೇಕು, ಸದ್ಯಕ್ಕೆ ಬಿಡಿ. ಧಾರಣೆ ಸರ್ಕಾರದ ಮಾರುಕಟ್ಟೆ ದರಗಳ ಜಾಲತಾಣ ಅಗ್‌ಮಾರ್ಕ್‌ನೆಟ್‌ನಲ್ಲೇ ಸಿಗುತ್ತದೆ, ವಾಟ್ಸ್‌ಆ್ಯಪ್‌ನಲ್ಲೂ ಓಡಾಡುತ್ತದೆ ಅಲ್ವಾ?

ನನ್ನ ಆಯ್ಕೆ ಮೆಸ್. 'ನಾಳೆ ಊಟಕ್ಕೆ ಇರುತ್ತೀರಾ?' ಆ್ಯಪ್ ಇಷ್ಟು ಕೇಳಿದರೆ ಸಾಕು, ಬೇರೇನೂ ಸೇರಿಸಬೇಡಿ. ಕೋಡ್ ಬರೆಯುವ ಮೊದಲು ಒಂದು ವಾರ ಗೂಗಲ್ ಫಾರ್ಮ್‌ನಲ್ಲೇ ನಡೆಸಿ. ಅಡುಗೆಯವರು ಆ ಲೆಕ್ಕ ನಂಬಿ ಅಕ್ಕಿ ಅಳೆದರೆ ಐಡಿಯಾ ಗಟ್ಟಿ.

ಹಾಂ, ಪ್ಲೇ ಸ್ಟೋರ್‌ನ ಹೊಸ ವೈಯಕ್ತಿಕ ಖಾತೆಯಾದರೆ ಬಿಡುಗಡೆಗೆ ಮೊದಲು 12 ಪರೀಕ್ಷಕರು ಸತತ 14 ದಿನ ಆ್ಯಪ್‌ನ ಪರೀಕ್ಷೆಗೆ ಸೇರಿರಬೇಕು. ಹಾಸ್ಟೆಲ್‌ನಲ್ಲಿ ಅಷ್ಟು ಜನ ಸುಲಭವಾಗಿ ಸಿಗುತ್ತಾರೆ.