ತಾರೀಖುಗಳೆಲ್ಲ ಸರಿ, ಆದರೂ ಅಂಕ ಇಲ್ಲ: ಇತಿಹಾಸ ಪದವಿಯ ಒಂದು ಪ್ರಕರಣ

ವಿಶ್ವವಿದ್ಯಾಲಯದಲ್ಲಿ ಇತಿಹಾಸ ಪದವಿ ಓದುತ್ತಿದ್ದ ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬಳ ಪ್ರಕರಣ ಇದು. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ, ಕೆಲವನ್ನು ಬಿಟ್ಟಿದ್ದೇನೆ. ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಇದೇ ತೊಂದರೆ ಹೇಳಿಕೊಂಡು ಬರುವ ಇತಿಹಾಸದ ಮಕ್ಕಳು ಬಹಳ ಇದ್ದಾರೆ. ಅವರಿಗೂ ಅವರ ಮನೆಯವರಿಗೂ ಉಪಯೋಗಕ್ಕೆ ಬರಲಿ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

"ಮೇಡಂ, ನನ್ನ ನೆನಪಿನ ಶಕ್ತಿ ಹೋಗ್ತಾ ಇದೆ ಅನ್ನಿಸುತ್ತೆ. ಡಾಕ್ಟರ್ ಹತ್ತಿರ ಹೋಗಬೇಕಾ, ಇಲ್ಲ ಕೋರ್ಸೇ ಬಿಡಬೇಕಾ?" ಇದು ಅವಳ ಪ್ರಶ್ನೆ.

ಶಾಲೆಯಲ್ಲಿ ಇತಿಹಾಸದಲ್ಲಿ ಯಾವಾಗಲೂ ಅವಳೇ ಮುಂದು. ಇಸವಿ, ಒಪ್ಪಂದ, ರಾಜವಂಶ ಎಲ್ಲವೂ ನಾಲಿಗೆ ತುದಿಯಲ್ಲಿ. ಪದವಿಗೆ ಇಷ್ಟಪಟ್ಟು ಸೇರಿದವಳು. ಆದರೆ ಇಲ್ಲಿ ಬರೆದ ಪ್ರಬಂಧಗಳು ಒಂದಾದ ಮೇಲೊಂದು ಕಡಿಮೆ ಅಂಕ ಹೊತ್ತು ವಾಪಸು ಬಂದವು. ವಾರದ ಓದಿನ ಪಟ್ಟಿ ಯಾವತ್ತೂ ಮುಗಿಯುತ್ತಿರಲಿಲ್ಲ. ರಾತ್ರಿ ಎರಡು ಗಂಟೆವರೆಗೆ ಓದಿದ್ದು ಬೆಳಿಗ್ಗೆ ನೆನಪಿರುತ್ತಿರಲಿಲ್ಲ. ಸೆಮಿನಾರ್‌ನಲ್ಲಿ ಬಾಯಿಯೇ ಬಿಡುತ್ತಿರಲಿಲ್ಲ. ಅದರ ಮೇಲೆ, ಅಪ್ಪ ಫೋನ್ ಮಾಡಿದಾಗಲೆಲ್ಲ ಒಂದೇ ಮಾತು: "ಇದನ್ನು ಓದಿ ಮುಂದೇನು ಮಾಡ್ತೀಯಮ್ಮಾ?"

ಮೊದಲ ಭೇಟಿಯಲ್ಲಿ ನಾನು ಓದಿನ ವಿಷಯವನ್ನು ಪಕ್ಕಕ್ಕಿಟ್ಟೆ. ನಿದ್ದೆ ಹೇಗಿದೆ, ಊಟ ಸೇರುತ್ತಾ, ಮೊದಲು ಖುಷಿ ಕೊಡುತ್ತಿದ್ದ ಕೆಲಸಗಳು ಈಗಲೂ ಖುಷಿ ಕೊಡುತ್ತವಾ ಅಂತ ಕೇಳಿದೆ. ಸಾಯಬೇಕು ಅನ್ನುವ ಯೋಚನೆ ಬಂದಿದೆಯಾ ಅಂತಲೂ ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಅಂತ ಅನೇಕರು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ, ದಯವಿಟ್ಟು ಕೇಳಿ. ಅವಳಿಗೆ ಅಂಥ ಯೋಚನೆ ಇರಲಿಲ್ಲ. ನಿದ್ದೆ ಮಾತ್ರ ಪೂರ್ತಿ ಹಾಳಾಗಿತ್ತು. ಓದಿದ್ದು ನೆನಪಿನಲ್ಲಿ ಗಟ್ಟಿಯಾಗಲು ನಿದ್ದೆ ಬೇಕೇ ಬೇಕು. ಹಾಗಾಗಿ ಓದು ಮುಗಿಯಲಿ ಬಿಡಲಿ, ರಾತ್ರಿ ಹನ್ನೊಂದಕ್ಕೆ ಪುಸ್ತಕ ಮುಚ್ಚಬೇಕು ಅಂತ ಮಾತಾಯಿತು. ಎರಡು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ವೈದ್ಯರನ್ನು ನೋಡುವುದು ಅಂತಲೂ ಒಪ್ಪಿಕೊಂಡಳು. ಅದರ ಅಗತ್ಯ ಬೀಳಲಿಲ್ಲ.

ಮುಂದಿನ ಸಲ ಬರುವಾಗ ಅಂಕ ಕಡಿಮೆ ಬಂದ ಒಂದು ಪ್ರಬಂಧವನ್ನು ತರಲು ಹೇಳಿದ್ದೆ. ಆಪ್ತಸಲಹೆಗೆ ಬರುವ ಮೊದಲು ನಾನೂ ಇತಿಹಾಸದಲ್ಲೇ ಪದವಿ ಮಾಡಿದವಳು. ಓದಿ ನೋಡಿದರೆ ಏನಾದರೂ ತಿಳಿಯಬಹುದು ಅನ್ನಿಸಿತ್ತು.

ಮೊದಲ ಮಹಾಯುದ್ಧ ಯಾಕೆ ಶುರುವಾಯಿತು ಅನ್ನುವುದು ಪ್ರಶ್ನೆ. ಅವಳ ಉತ್ತರದಲ್ಲಿ ಒಂದು ತಾರೀಖೂ ತಪ್ಪಿಲ್ಲ. 1914ರ ಜೂನ್ 28ರಂದು ಸರಾಯೆವೋದಲ್ಲಿ ಆಸ್ಟ್ರಿಯಾದ ಯುವರಾಜನ ಹತ್ಯೆ. ಜುಲೈ 23ಕ್ಕೆ ಸರ್ಬಿಯಾಕ್ಕೆ ಗಡುವಿನ ಪತ್ರ. ಜುಲೈ 28ಕ್ಕೆ ಸರ್ಬಿಯಾ ಮೇಲೆ ಯುದ್ಧ ಘೋಷಣೆ. ಆಗಸ್ಟ್ 1ಕ್ಕೆ ಜರ್ಮನಿ ರಷ್ಯಾದ ಮೇಲೆ, 3ಕ್ಕೆ ಫ್ರಾನ್ಸ್ ಮೇಲೆ. 4ಕ್ಕೆ ಬ್ರಿಟನ್ ಜರ್ಮನಿಯ ಮೇಲೆ. ಹೀಗೇ ಪುಟ ತುಂಬಾ. ಕೊನೆಯಲ್ಲಿ ಅಧ್ಯಾಪಕರು ಬರೆದಿದ್ದರು: "ಘಟನೆಗಳು ಸರಿ ಇವೆ. ನಿಮ್ಮ ವಾದ ಎಲ್ಲಿದೆ?"

"ಎಲ್ಲ ಬರೆದಿದ್ದೀನಲ್ಲ ಮೇಡಂ, ಇನ್ನೇನು ಬೇಕಿತ್ತು?" ಅಂದಳು. ಅವಳ ಕಣ್ಣು ತುಂಬಿತ್ತು.

ನನಗೆ ಅಲ್ಲಿ ಕಂಡದ್ದು ನೆನಪಿನ ತೊಂದರೆ ಅಲ್ಲವೇ ಅಲ್ಲ. ಅಷ್ಟು ತಾರೀಖು ಇಟ್ಟುಕೊಂಡವಳ ನೆನಪು ಹೇಗೆ ಕೆಟ್ಟೀತು? ಕೆಲಸವೇ ಬದಲಾಗಿತ್ತು, ಅದನ್ನು ಅವಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಶಾಲೆ ಕೇಳಿದ್ದು, ಏನಾಯಿತು ಅಂತ. ಪದವಿ ಕೇಳುವುದು, ಯಾಕೆ ಹಾಗಾಯಿತು ಅಂತ ನೀನು ಹೇಳುತ್ತೀ, ಅದಕ್ಕೆ ನಿನ್ನ ಹತ್ತಿರ ಇರುವ ಆಧಾರ ಏನು ಅಂತ. ಇದು ಹೊಸ ಕೆಲಸ. ಹಳೇ ರೀತಿಯಲ್ಲಿ ಇನ್ನೂ ನಾಲ್ಕು ಗಂಟೆ ಜಾಸ್ತಿ ಕೂತರೂ ಅದು ಕೈಗೆ ಹತ್ತುವುದಿಲ್ಲ. ಸೋತೆ ಅನ್ನಿಸುವುದು ಬಿಟ್ಟರೆ ಬೇರೇನೂ ಸಿಗುವುದಿಲ್ಲ.

ಅದನ್ನು ಅವಳ ಪ್ರಬಂಧದಲ್ಲೇ ತೋರಿಸಿದೆ. ಜುಲೈ 5 ಮತ್ತು 6ರ ಬಗ್ಗೆ ಅವಳು ಒಂದೇ ಸಾಲು ಬರೆದಿದ್ದಳು. ಆಸ್ಟ್ರಿಯಾಕ್ಕೆ "ನೀವು ಏನು ಮಾಡಿದರೂ ನಾವು ಜೊತೆಗಿದ್ದೇವೆ" ಅಂತ ಜರ್ಮನಿ ಮಾತು ಕೊಟ್ಟ ದಿನಗಳು ಅವು. 1961ರಲ್ಲಿ ಜರ್ಮನಿಯವರೇ ಆದ ಇತಿಹಾಸಕಾರ ಫ್ರಿಟ್ಸ್ ಫಿಶರ್, ಯುದ್ಧದ ದೊಡ್ಡ ಹೊಣೆ ಜರ್ಮನಿಯ ನಾಯಕರದು ಅಂತ ವಾದಿಸಿದಾಗ ಅವರ ದೇಶದಲ್ಲೇ ಭಾರೀ ಜಗಳವಾಯಿತು. ಆ ವಾದಕ್ಕೆ ಈ ಎರಡು ದಿನ ಬಹಳ ಮುಖ್ಯ. 2012ರಲ್ಲಿ ಕ್ರಿಸ್ಟೋಫರ್ ಕ್ಲಾರ್ಕ್ ಅನ್ನುವ ಇತಿಹಾಸಕಾರ ಬೇರೆ ಕಡೆಯಿಂದ ನೋಡಿದರು. ಬಾಲ್ಕನ್ ಪ್ರದೇಶದ ರಾಜಕೀಯ, ಸರ್ಬಿಯಾ, ರಷ್ಯಾ, ಫ್ರಾನ್ಸ್‌ಗಳ ಪಾತ್ರ, ಎಲ್ಲಕ್ಕೂ ತೂಕ ಕೊಟ್ಟರು. ತಪ್ಪಿತಸ್ಥರು ಒಬ್ಬರೇ ಅನ್ನುವುದನ್ನು ಅವರು ಒಪ್ಪುವುದಿಲ್ಲ. ಅವರ ಕಡೆಯಿಂದ ನೋಡಿದರೆ ಜುಲೈ 30ರಂದು ರಷ್ಯಾ ತನ್ನ ಇಡೀ ಸೇನೆಗೆ ಸಜ್ಜಾಗಲು ಕೊಟ್ಟ ಆಜ್ಞೆ ದೊಡ್ಡದಾಗಿ ಕಾಣುತ್ತದೆ.

"ನೋಡಮ್ಮ, ಇಬ್ಬರಿಗೂ ಇದೇ ತಾರೀಖುಗಳು ಗೊತ್ತು. ತಾರೀಖಿನ ಬಗ್ಗೆ ಅವರಿಗೆ ಜಗಳ ಇಲ್ಲ. ಯಾವ ತಾರೀಖಿಗೆ ಎಷ್ಟು ತೂಕ ಅನ್ನುವುದರಲ್ಲೇ ಜಗಳ. ನೀನು ಎಲ್ಲಕ್ಕೂ ಒಂದೇ ತೂಕ ಕೊಟ್ಟಿದ್ದೀಯ."

ಅವಳು ಸ್ವಲ್ಪ ಹೊತ್ತು ಆ ಪುಟವನ್ನೇ ನೋಡಿದಳು. ಆಮೇಲೆ ಬಂದ ಪ್ರಶ್ನೆ ನನಗೆ ತುಂಬಾ ಹಿಡಿಸಿತು. "ಹಾಗಾದರೆ ಯಾರು ಬೇಕಾದರೂ ಏನು ಬೇಕಾದರೂ ಹೇಳಬಹುದಾ? ನಿಜ ಅನ್ನೋದು ಇಲ್ವಾ?"

ಇತಿಹಾಸ ಓದುವ ಮಕ್ಕಳಲ್ಲಿ ಎಷ್ಟೋ ಜನ ಮೊದಲ ವರ್ಷದಲ್ಲಿ ಈ ಜಾಗಕ್ಕೆ ಬಂದು ನಿಲ್ಲುತ್ತಾರೆ. ಪಠ್ಯಪುಸ್ತಕ ಹೇಳಿದ್ದೇ ನಿಜ ಅನ್ನುವ ನಂಬಿಕೆ ಮುರಿದಾಗ, ಎಲ್ಲವೂ ಸುಮ್ನೆ ಅವರವರ ಅಭಿಪ್ರಾಯ ಅನ್ನಿಸಿಬಿಡುತ್ತದೆ. ಕೆಲವರು ಇಲ್ಲೇ ಆಸಕ್ತಿ ಕಳೆದುಕೊಳ್ಳುತ್ತಾರೆ. ಅದಕ್ಕೇ ಅವಳಿಗೆ ಇಟಲಿಯ ವಿದ್ವಾಂಸ ಲೊರೆಂಜೊ ವಲ್ಲಾ ಕಥೆ ಹೇಳಿದೆ. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ಪಶ್ಚಿಮದ ಅಧಿಕಾರವನ್ನೆಲ್ಲ ಪೋಪ್‌ಗೆ ದಾನ ಕೊಟ್ಟ ಅಂತ ಹೇಳುವ ಒಂದು ಪತ್ರವಿತ್ತು. ಪೋಪರು ಶತಮಾನಗಳ ಕಾಲ ಅದನ್ನು ಮುಂದಿಟ್ಟುಕೊಂಡು ಹಕ್ಕು ಕೇಳಿದ್ದರು. 1440ರಲ್ಲಿ ವಲ್ಲಾ ಅದರ ಲ್ಯಾಟಿನ್ ಭಾಷೆಯನ್ನು ಪದ ಪದ ಬಿಡಿಸಿ ನೋಡಿ, ಇದು ಕಾನ್‌ಸ್ಟಂಟೈನ್ ಬದುಕಿದ್ದ ನಾಲ್ಕನೇ ಶತಮಾನದ ಬರವಣಿಗೆಯೇ ಅಲ್ಲ ಅಂತ ತೋರಿಸಿದ. ಆ ಪತ್ರ ಖೋಟಾ ಅನ್ನುವುದು ಇಂದು ಯಾರೂ ಅಲ್ಲಗಳೆಯದ ವಿಷಯ. ಆಧಾರದ ಮುಂದೆ ಕೆಲವು ಮಾತು ನಿಲ್ಲುವುದೇ ಇಲ್ಲ. ನಿಲ್ಲುವ ಮಾತುಗಳಲ್ಲಿ ಯಾವುದು ಹೆಚ್ಚು ಗಟ್ಟಿ ಅಂತ ತೂಗುವುದೇ ನಿನ್ನ ಓದು ಅಂದೆ.

ಇನ್ನು ಓದಿನ ರೀತಿ. ಅವಳು ಪ್ರತಿ ಪುಸ್ತಕವನ್ನೂ ಮೊದಲ ಪುಟದಿಂದ ಶುರು ಮಾಡಿ, ಸಾಲಿನ ಕೆಳಗೆ ಗೆರೆ ಎಳೆದು, ನೋಟ್ಸ್‌ಗೆ ಹಾಗೇ ಇಳಿಸುತ್ತಿದ್ದಳು. ಪಟ್ಟಿಯ ಪುಸ್ತಕಗಳು ಹೀಗೆ ಯಾರಿಗೂ ಮುಗಿಯುವುದಿಲ್ಲ. ಹಾಗೆ ಓದಲಿ ಅಂತ ಯಾರೂ ಆ ಪಟ್ಟಿ ಕೊಟ್ಟಿರುವುದೂ ಇಲ್ಲ. ಮೊದಲು ಮುನ್ನುಡಿ, ಕೊನೆಯ ಅಧ್ಯಾಯ, ಪರಿವಿಡಿ ನೋಡಿ, ಆಮೇಲೆ ನಿನ್ನ ಪ್ರಶ್ನೆಗೆ ಬೇಕಾದ ಅಧ್ಯಾಯಕ್ಕೆ ಮಾತ್ರ ಹೋಗು ಅಂದೆ. ಪುಸ್ತಕ ಮುಚ್ಚಿದ ಮೇಲೆ ಮೂರು ವಿಷಯ ಸ್ವಂತ ಮಾತಿನಲ್ಲಿ ಬರೆಯಬೇಕು: ಇವರು ಏನು ಹೇಳುತ್ತಾರೆ, ಯಾವ ಆಧಾರದಿಂದ ಹೇಳುತ್ತಾರೆ, ಯಾರ ಜೊತೆ ಜಗಳ ಆಡುತ್ತಿದ್ದಾರೆ. ಬರೆಯುವಾಗ ಪುಸ್ತಕ ತೆರೆಯಬಾರದು, ಅದು ಮುಖ್ಯ. ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದೆ. ಒಂದು ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಚೆನ್ನಾಗಿ ಹೇಳಿದರು. ಒಮ್ಮೆ ಓದಿ, ನೋಡದೆ ನೆನಪಿಸಿಕೊಂಡು ಬರೆದವರು ಒಂದು ವಾರದ ನಂತರ ಅವರಿಗಿಂತ ಜಾಸ್ತಿ ಉಳಿಸಿಕೊಂಡಿದ್ದರು. ರಾತ್ರಿ ಬಂದ ಹಾಗೆ ಕಂಡಿದ್ದು ಬೆಳಿಗ್ಗೆ ಯಾಕೆ ಹೋಗುತ್ತಿತ್ತು ಅನ್ನುವುದಕ್ಕೆ ಇದರಲ್ಲಿ ಅವಳಿಗೆ ಉತ್ತರ ಸಿಕ್ಕಿತು. ಕಾಯಿಲೆಯ ಭಯ ಅರ್ಧ ಇಳಿದದ್ದು ಅಲ್ಲೇ ಅಂತ ಆಮೇಲೆ ಹೇಳಿದಳು.

ಸೆಮಿನಾರ್ ವಿಷಯ ಚಿಕ್ಕದು. ಉಳಿದವರೆಲ್ಲ ಬುದ್ಧಿವಂತರು, ತಾನು ಹೇಗೋ ನುಸುಳಿಬಂದವಳು ಅನ್ನುವ ಭಾವನೆ ಅವಳಿಗಿತ್ತು. ಅಂದುಕೊಂಡದ್ದಕ್ಕಿಂತ ಹೆಚ್ಚು ಜನರಿಗೆ ಅದು ಇರುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಬರ್ಲಿನ್ನಿನ ಇತಿಹಾಸಕಾರ ಲಿಯೊಪೊಲ್ಡ್ ಫಾನ್ ರಾಂಕೆ ವಿದ್ಯಾರ್ಥಿಗಳನ್ನು ಸುತ್ತ ಕೂರಿಸಿಕೊಂಡು ಹಳೆಯ ಬರಹಗಳನ್ನು ಪರೀಕ್ಷೆ ಮಾಡಿಸುತ್ತಿದ್ದರು. ಇತಿಹಾಸದ ಸೆಮಿನಾರ್ ಬೆಳೆದದ್ದು ಹಾಗೆ. ಉತ್ತರ ಒಪ್ಪಿಸುವ ಜಾಗ ಅಲ್ಲ ಅದು. ಹಾಗಾಗಿ ಒಂದೇ ಒಂದು ಪ್ರಶ್ನೆ ಬರೆದುಕೊಂಡು ಹೋಗು, ಮೊದಲ ಹತ್ತು ನಿಮಿಷದಲ್ಲೇ ಕೇಳಿಬಿಡು ಅಂದೆ. ತಡವಾದಷ್ಟೂ ಬಾಯಿ ಕಟ್ಟುತ್ತದೆ. ಪ್ರಶ್ನೆ ಹೊಳೆಯದಿದ್ದರೆ ಇವು ಸಾಕು: ಇದನ್ನು ಬರೆದವರು ಯಾರಿಗೆ ಬರೆದರು? ಅವರಿಗೆ ಏನು ಆಗಬೇಕಿತ್ತು? ಏನನ್ನು ಬರೆಯದೆ ಬಿಟ್ಟಿದ್ದಾರೆ?

ಕೋರ್ಸ್ ಬಿಡುವ ಮಾತಿಗೆ ಬರುತ್ತೇನೆ. ಬಿಡಬೇಡ ಅಂತ ನಾನು ಹೇಳಲಿಲ್ಲ. ಇತಿಹಾಸದ ಮೇಲೆ ನನಗೆ ಪ್ರೀತಿ ಇದೆ ಅಂತ ಅವಳ ಬದುಕಿನ ತೀರ್ಮಾನ ನಾನು ತೆಗೆದುಕೊಳ್ಳುವ ಹಾಗಿಲ್ಲ. ಆದರೆ ಕಡಿಮೆ ಅಂಕ ಕೈಗೆ ಬಂದ ವಾರದಲ್ಲಿ, ನಿದ್ದೆಗೆಟ್ಟು ಕೂತಾಗ ಈ ನಿರ್ಧಾರ ಬೇಡ ಅಂದೆ. ವಿಷಯ ಬದಲಿಸಲು ವಿಶ್ವವಿದ್ಯಾಲಯದ ಕೊನೆಯ ದಿನಾಂಕ ಯಾವುದು ಅಂತ ವಿಚಾರಿಸಿ ಬರೆದಿಟ್ಟುಕೊಳ್ಳಲು ಹೇಳಿದೆ. ಅಷ್ಟರೊಳಗೆ ಎರಡು ಪ್ರಬಂಧ ಹೊಸ ರೀತಿಯಲ್ಲಿ ಬರೆದು ನೋಡುವುದು. ಆಮೇಲೂ ಮನಸ್ಸು ಹೊರಗೇ ಎಳೆದರೆ ಬದಲಿಸುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಬಾಗಿಲು ತೆರೆದಿದೆ ಅಂತ ಗೊತ್ತಾದ ಮೇಲೆ ಅವಳ ಉಸಿರೇ ಬೇರೆಯಾಯಿತು.

ಅಪ್ಪನ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಯಾಕೆಂದರೆ ಅದು ನ್ಯಾಯವಾದ ಪ್ರಶ್ನೆ. ಕೆಲವು ಪದವಿಗಳ ಹೆಸರಲ್ಲೇ ಕೆಲಸದ ಹೆಸರಿರುತ್ತದೆ, ಇತಿಹಾಸಕ್ಕೆ ಅದಿಲ್ಲ. ಈ ಪದವಿ ಮುಗಿಸಿದವರು ಕಾನೂನು, ಪತ್ರಿಕೋದ್ಯಮ, ಆಡಳಿತ ಸೇವೆ, ಬೋಧನೆ, ಪುಸ್ತಕ ಪ್ರಕಾಶನ, ವಸ್ತುಸಂಗ್ರಹಾಲಯ, ದಾಖಲೆಗಳ ಭಂಡಾರ ಹೀಗೆ ಬೇರೆ ಬೇರೆ ಕಡೆ ಹೋಗುತ್ತಾರೆ. ಆದರೆ ಅದರಲ್ಲಿ ಎಷ್ಟೋ ದಾರಿಗೆ ಇನ್ನೊಂದು ಪದವಿಯೋ ತರಬೇತಿಯೋ ಸೇರಬೇಕಾಗುತ್ತದೆ. ಇದನ್ನು ಮಕ್ಕಳಿಂದ ಮುಚ್ಚಿಡುವುದು ತಪ್ಪು ಅಂತ ನನ್ನ ಗಟ್ಟಿ ಅಭಿಪ್ರಾಯ. "ಇತಿಹಾಸ ಎಷ್ಟು ದೊಡ್ಡ ವಿಷಯ ಅಂತ ಅಪ್ಪನಿಗೆ ವಾದ ಮಾಡಬೇಡ. ಅವರ ಭಯ ಅದರ ಬಗ್ಗೆ ಅಲ್ಲ, ನಿನ್ನ ಬಗ್ಗೆ" ಅಂದೆ. ಎರಡು ಮೂರು ದಾರಿ ಆರಿಸಿ, ಒಂದೊಂದಕ್ಕೂ ಇನ್ನೆಷ್ಟು ವರ್ಷ, ಎಷ್ಟು ಖರ್ಚು, ಯಾವ ಪರೀಕ್ಷೆ ಅಂತ ತಿಳಿದುಕೊಂಡು ಅವರ ಮುಂದಿಡಲು ಹೇಳಿದೆ. ಓದಿನ ಜೊತೆಗೇ ಹಳೆಯ ದಾಖಲೆ ಓದಲು ಬೇಕಾಗುವ ಒಂದು ಭಾಷೆ, ಇಲ್ಲವೇ ಅಂಕಿಅಂಶ ಮತ್ತು ನಕ್ಷೆ ಮಾಡುವ ಸಾಫ್ಟ್‌ವೇರ್ ಕಲಿತರೆ ಮುಂದೆ ಕೈ ಹಿಡಿಯುತ್ತದೆ.

ಹೊಸ ರೀತಿಯಲ್ಲಿ ಬರೆದ ಮೊದಲ ಪ್ರಬಂಧಕ್ಕೆ ಅಂಕ ಸ್ವಲ್ಪ ಮಾತ್ರ ಏರಿತು. ಆದರೆ ಟಿಪ್ಪಣಿ ಬೇರೆಯಾಗಿತ್ತು: "ವಾದ ಇದೆ. ಎದುರು ವಾದವನ್ನು ಇನ್ನೂ ಸರಿಯಾಗಿ ಕೇಳಿಸಿಕೊಂಡಿಲ್ಲ." ಆ ಪುಟವನ್ನು ನಗುತ್ತಲೇ ನನಗೆ ತೋರಿಸಿದಳು. ಏನು ಮಾಡಬೇಕು ಅಂತ ಈಗ ಅವಳಿಗೆ ಗೊತ್ತಿತ್ತು. ಎರಡನೆಯದರಲ್ಲಿ ಅಂಕ ಚೆನ್ನಾಗಿಯೇ ಬಂತು. ವಿಷಯ ಬದಲಿಸುವ ಕೊನೆಯ ದಿನ ಕಳೆದುಹೋಯಿತು, ಅರ್ಜಿ ಹಾಕಲಿಲ್ಲ. ಸೆಮಿನಾರ್‌ನಲ್ಲಿ ಇನ್ನೂ ಕಡಿಮೆಯೇ ಮಾತಾಡುತ್ತಾಳೆ, ಆದರೆ ಮಾತಾಡುತ್ತಾಳೆ. ಅಪ್ಪ ಪೂರ್ತಿ ಒಪ್ಪಿಲ್ಲ. ಈಗ ಫೋನಿನಲ್ಲಿ ಯಾವ ಪರೀಕ್ಷೆಗೆ ಯಾವಾಗ ಅರ್ಜಿ ಅಂತ ಕೇಳುತ್ತಾರಂತೆ. ರಜೆಯಲ್ಲಿ ದಾಖಲೆಗಳ ಭಂಡಾರವೊಂದರಲ್ಲಿ ಕೆಲಸ ಕಲಿಯಲು ಅವಳು ಅರ್ಜಿ ಹಾಕಿದ್ದಾಳೆ. ಮುಂದಿನ ವರ್ಷದ ದೊಡ್ಡ ಪ್ರಬಂಧ ಶುರುವಾಗುವ ಹೊತ್ತಿಗೆ ಒಮ್ಮೆ ಬಂದು ಮಾತಾಡುವುದು, ನಿದ್ದೆ ಮತ್ತೆ ಕೆಟ್ಟರೆ ಕಾಯದೆ ತಕ್ಷಣ ಬರುವುದು ಅಂತ ಒಪ್ಪಂದ ಮಾಡಿಕೊಂಡು ಭೇಟಿಗಳನ್ನು ಸದ್ಯಕ್ಕೆ ನಿಲ್ಲಿಸಿದ್ದೇವೆ.