ನಡೆದರೆ ಸುಸ್ತಿಲ್ಲ, ಜಡೆ ಹಾಕಿದರೆ ಸುಸ್ತು!

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರದ ಹಳ್ಳಿ. ಮಗಳಿಗೆ 12 ವರ್ಷ, ಚಿಕ್ಕಂದಿನಿಂದಲೂ ಅಸ್ತಮಾ ಇದೆ. ಆಸ್ಪತ್ರೆಯಲ್ಲಿ 6 ನಿಮಿಷ ನಡೆಸಿ ನೋಡಿ ‘ಪರವಾಗಿಲ್ಲ’ ಅಂದರು. ಸ್ಕೂಲಿಗೂ ಆರಾಮಾಗಿ ನಡೆದು ಹೋಗುತ್ತಾಳೆ. ಆದರೆ ಜಡೆ ಹಾಕಿಕೊಳ್ಳುವಾಗ, ತಂತಿ ಮೇಲೆ ಬಟ್ಟೆ ಹರವುವಾಗ ಅರ್ಧಕ್ಕೇ ಕೈ ಇಳಿಸಿ ಏದುಸಿರು ಬಿಡುತ್ತಾಳೆ. ಮನೆಯವರು ಸೋಮಾರಿ ಅಂತಾರೆ. ಕೈಗೂ ಅಂಥ ಪರೀಕ್ಷೆ ಇದೆಯಾ?

ಫಿಸಿಯೊಥೆರಪಿಸ್ಟ್ ಉತ್ತರ: ಮೊದಲು ಸೋಮಾರಿ ಅನ್ನೋದನ್ನು ಬಿಡಿ. ಕತ್ತು, ಎದೆ, ಭುಜದ ಕೆಲವು ಸ್ನಾಯುಗಳಿಗೆ ಎರಡು ಕೆಲಸ. ತೋಳು ಎತ್ತಿ ಹಿಡಿಯೋದು ಒಂದು, ಉಸಿರು ಕಟ್ಟಿದಾಗ ಎದೆಗೂಡನ್ನು ಮೇಲೆತ್ತೋದು ಇನ್ನೊಂದು. ಕೈ ತಲೆ ಮೇಲೆ ಹೋದರೆ ಅವು ತೋಳಿನ ಕಡೆ ದುಡಿಯುತ್ತವೆ, ಉಸಿರಾಟಕ್ಕೆ ಸಿಗೋದು ಕಮ್ಮಿ. ಜೊತೆಗೆ ಕೈಯ ಸ್ನಾಯುಗಳು ಕಾಲಿನವುಗಳಿಗಿಂತ ಚಿಕ್ಕವು. ಅಷ್ಟೇ ಕೆಲಸವನ್ನು ಕೈಯಿಂದ ಮಾಡಿದರೆ ಎದೆಬಡಿತ ಜಾಸ್ತಿ ಏರುತ್ತದೆ. ನಡಿಗೆ ಪರೀಕ್ಷೆ ಇದ್ಯಾವುದನ್ನೂ ತೋರಿಸುವುದಿಲ್ಲ.

ಕೈಗೂ ಪರೀಕ್ಷೆ ಇದೆ. ಹಲಗೆಯಲ್ಲಿ 4 ಗೂಟ, ಎರಡು ಭುಜದ ಎತ್ತರಕ್ಕೆ, ಎರಡು ಅದಕ್ಕಿಂತ 20 ಸೆಂ.ಮೀ. ಮೇಲೆ. ಕೆಳಗಿನ ಒಂದೊಂದು ಗೂಟದಲ್ಲಿ 10 ಹಗುರ ಉಂಗುರ. ಮಗು ಕೂತು ಎರಡೂ ಕೈಯಿಂದ ಒಟ್ಟಿಗೆ ಒಂದೊಂದೇ ಉಂಗುರ ತೆಗೆದು ಮೇಲೆ ಹಾಕಬೇಕು, ಎಲ್ಲ ಮುಗಿದರೆ ಮತ್ತೆ ಕೆಳಕ್ಕೆ. 6 ನಿಮಿಷದಲ್ಲಿ ಎಷ್ಟು ಉಂಗುರ ಅಂತ ಎಣಿಸುತ್ತೇವೆ. ಸುಸ್ತಾದರೆ ನಿಲ್ಲಬಹುದು, ಗಡಿಯಾರ ನಿಲ್ಲುವುದಿಲ್ಲ. ಮುಂಚೆ ಮತ್ತು ಆಮೇಲೆ ನಾಡಿ, ಆಕ್ಸಿಜನ್, ಏದುಸಿರು ಎಷ್ಟು ಅಂತ ಬರೆದುಕೊಳ್ಳುತ್ತೇವೆ.

ಆಟದ ಥರ ಕಾಣುತ್ತೆ, ಅಲ್ವಾ? ತೊಂದರೆಯೂ ಅಲ್ಲೇ. ಒಬ್ಬ ಹುಡುಗ ಎರಡನೇ ನಿಮಿಷಕ್ಕೇ ಕೈ ಇಳಿಸಿದ. ಸುಸ್ತಾಯ್ತಾ ಅಂದರೆ ‘ಇಲ್ಲ, ಬೋರ್ ಆಯ್ತು’ ಅಂದ! ಹಾಗಾಗಿ ಮೊದಲು ಒಂದು ಸಲ ಅಭ್ಯಾಸ ಮಾಡಿಸಬೇಕು, ಪ್ರತಿ ಸಲವೂ ಒಂದೇ ಮಾತಲ್ಲಿ ಹುರಿದುಂಬಿಸಬೇಕು. ಗೂಟದ ಎತ್ತರ ಮಗುವಿನ ಭುಜಕ್ಕೆ ಹೊಂದಬೇಕು. ದೊಡ್ಡವರ ಅಂಕಿ ಜೊತೆ ಹೋಲಿಸೋದು ತಪ್ಪು. ನಾನಂತೂ ಅವಳದೇ ಹಿಂದಿನ ಅಂಕಿ ಜೊತೆ ಹೋಲಿಸುತ್ತೇನೆ, ಅದೂ ಮಕ್ಕಳು ಬೆಳೆಯುತ್ತಿರುತ್ತಾರೆ ಅನ್ನೋದು ನೆನಪಿಟ್ಟುಕೊಂಡು.

ಸೈಕಲ್ ಪೆಡಲ್ ಥರ ಕೈಯಿಂದ ತಿರುಗಿಸುವ ಯಂತ್ರವೂ ಇದೆ. ಗಾಲಿಕುರ್ಚಿಯ ಮಕ್ಕಳಿಗೆ ಅದೇ ಒಳ್ಳೆಯದು. ಹಿಡಿತ ಅಳೆಯುವ ಉಪಕರಣ ಮಾತ್ರ ಇಲ್ಲಿ ಸಾಲದು. ಅದು ಬಲ ಹೇಳುತ್ತೆ, ತಾಳಿಕೆ ಹೇಳಲ್ಲ.

ಅಸ್ತಮಾ ಹತೋಟಿಯಲ್ಲಿದ್ದಾಗ ಮಾತ್ರ ಪರೀಕ್ಷೆ ಮಾಡಿಸಿ, ಇನ್ಹೇಲರ್ ಜೊತೆಗಿರಲಿ. ಮಲೆನಾಡಿನ ಮನೆ ಅಂದಮೇಲೆ ಇದನ್ನೂ ಕೇಳಲೇಬೇಕು: ಬಚ್ಚಲ ಒಲೆಯ ಹೊಗೆ ಅವಳು ಜಡೆ ಹಾಕುವ ಜಾಗಕ್ಕೆ ಬರುತ್ತಾ?

ಕೂತು ಏಳುವಾಗ ತೊಡೆಗೆ ಕೈ ಊರಿ ಏಳುತ್ತಾಳಾ, ಒಂದು ಕೈ ಮಾತ್ರ ಸೋಲುತ್ತಾ, ತುಟಿ ನೀಲಿಯಾಗುತ್ತಾ? ಇದ್ದರೆ ಪರೀಕ್ಷೆಗೆ ಕಾಯದೆ ಮಕ್ಕಳ ಡಾಕ್ಟರಿಗೆ ತೋರಿಸಿ. ಇಲ್ಲದಿದ್ದರೆ ಒಂದು ವಾರ ಜಡೆ ಹಾಕುವಾಗ ಸುಮ್ನೆ ಪಕ್ಕದಲ್ಲಿ ನಿಂತು ನೋಡಿ. ಎಷ್ಟು ನಿಮಿಷಕ್ಕೆ ಕೈ ಇಳಿಸಿದಳು, ಮೊದಲು ಭುಜ ನೋಯಿತಾ, ಉಸಿರು ಕಟ್ಟಿತಾ ಅಂತ ಬರೆದಿಟ್ಟು, ಆ ಚೀಟಿ ತನ್ನಿ.